ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರಿಗೆ: ವಿಳಂಬವನ್ನು ನಿಭಾಯಿಸುವ ಬಗೆ

ರೆಡಿಂಗ್ ಊರಿನ ಒಂದು ಮನೆಗೆ ನಾವು ಹೇಳಿದ ಬೆಲೆಯನ್ನು ಮಾಲೀಕರು ಒಪ್ಪಿದ್ದಾರೆಂದು ಎಸ್ಟೇಟ್ ಏಜೆಂಟ್ ಫೋನ್ ಮಾಡಿದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಮರುದಿನವೇ ಮೈಸೂರಿನಲ್ಲಿ ಅಮ್ಮ ಪುರೋಹಿತರನ್ನು ಕಂಡು, ವೈಶಾಖದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದರು. ಅಪ್ಪ ವಿಮಾನದ ಟಿಕೆಟ್ ತೆಗೆಸಿದರು. ವೈಶಾಖ ಕಳೆಯಿತು, ಜ್ಯೇಷ್ಠ ಕಳೆಯಿತು, ಆಷಾಢದಲ್ಲಂತೂ ಆ ಮಾತೇ ಇಲ್ಲ. ಕೀಲಿಕೈ ನಮ್ಮ ಕೈಗೆ ಬಂದಾಗ ಆಗಸ್ಟ್ ತಿಂಗಳಾಗಿತ್ತು. ಟಿಕೆಟ್ಟಿನ ದಿನಾಂಕವನ್ನು ಎರಡು ಸಲ ಬದಲಾಯಿಸಲು ತೆತ್ತ ಹಣದಲ್ಲಿ ಒಂದು ಒಳ್ಳೆಯ ಸೋಫಾ ಬರುತ್ತಿತ್ತು. ಆ ಆರು ತಿಂಗಳಲ್ಲಿ ತಿಳಿದುಕೊಂಡದ್ದನ್ನು, ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟಿರುವ ಕನ್ನಡಿಗರಿಗೂ, ಊರಿನಲ್ಲಿ ಕುಳಿತು ‘ಇನ್ನೂ ರಿಜಿಸ್ಟ್ರೇಷನ್ ಆಗಲಿಲ್ಲವೇ’ ಎಂದು ಕೇಳುವ ಅವರ ಹೆತ್ತವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ. ವೇಲ್ಸ್‌ನಲ್ಲಿ ತೆರಿಗೆಯೊಂದನ್ನು ಬಿಟ್ಟರೆ ಕ್ರಮ ಹೆಚ್ಚುಕಡಿಮೆ ಇದೇ. ಸ್ಕಾಟ್ಲೆಂಡಿನ ಕ್ರಮ ಮಾತ್ರ ಬೇರೆಯಾಗಿದ್ದು, ಅಲ್ಲಿಗೆ ಈ ಮಾತುಗಳು ಹೊಂದುವುದಿಲ್ಲ.

ಒಪ್ಪಿಗೆ ಬೇರೆ, ಒಪ್ಪಂದ ಬೇರೆ

ನಮ್ಮಲ್ಲಿ ಮುಂಗಡ ಕೊಟ್ಟು ಕರಾರು ಬರೆಸಿಕೊಂಡರೆ ವ್ಯವಹಾರ ಅರ್ಧ ಮುಗಿದಂತೆಯೇ. ಇಸಿ, ಖಾತೆ, ಕಂದಾಯದ ರಸೀದಿಗಳನ್ನು ವಕೀಲರಿಗೆ ತೋರಿಸಿ, ಒಂದು ದಿನ ಎರಡೂ ಕಡೆಯವರು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸೇರಿ, ಫೋಟೊ ಮತ್ತು ಹೆಬ್ಬೆಟ್ಟು ಕೊಟ್ಟು ಕ್ರಯಪತ್ರ ಮಾಡಿಸಿಕೊಂಡು ಬರುತ್ತೇವೆ. ಇಂಗ್ಲೆಂಡಿನಲ್ಲಿ, ಬಿಲ್ಡರುಗಳಿಂದ ಕೊಳ್ಳುವ ಹೊಸ ಮನೆಗಳನ್ನು ಬಿಟ್ಟರೆ, ಬೆಲೆ ಒಪ್ಪಿದಾಗ ಯಾರೂ ಮುಂಗಡ ಕೊಡುವುದಿಲ್ಲ, ಯಾರೂ ಸಹಿ ಹಾಕುವುದಿಲ್ಲ. ಏಜೆಂಟ್ ಎರಡೂ ಕಡೆಯ ಸಾಲಿಸಿಟರುಗಳಿಗೆ (ಆಸ್ತಿ ವ್ಯವಹಾರದ ವಕೀಲರಿಗೆ) ಒಂದು ವಿವರಪತ್ರ ಕಳುಹಿಸುತ್ತಾರೆ, ಅಷ್ಟೆ. ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದಗಳನ್ನು ಸಾಲಿಸಿಟರುಗಳು ಪರಸ್ಪರ ಬದಲಾಯಿಸಿಕೊಳ್ಳುವ ಘಟ್ಟಕ್ಕೆ ಎಕ್ಸ್‌ಚೇಂಜ್ ಎಂದು ಹೆಸರು. ಅಲ್ಲಿಯವರೆಗೆ ಮಾರುವವರೂ ಹಿಂದೆ ಸರಿಯಬಹುದು, ಕೊಳ್ಳುವವರೂ ಸರಿಯಬಹುದು. ಇನ್ನೊಬ್ಬರು ಹತ್ತು ಸಾವಿರ ಪೌಂಡ್ ಹೆಚ್ಚು ಕೊಡುತ್ತೇವೆಂದು ಬಂದರೆ ಮಾಲೀಕರು ಅವರ ಕಡೆ ತಿರುಗಿಕೊಳ್ಳುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಠೇವಣಿ ಸಂದಾಯವಾಗುತ್ತದೆ, ಪೂರ್ತಿ ಹಣ ಕೊಟ್ಟು ಮನೆ ವಶಕ್ಕೆ ಪಡೆಯುವ ಕಂಪ್ಲೀಷನ್ ದಿನಾಂಕವೂ ಆಗಲೇ ಒಪ್ಪಂದದಲ್ಲಿ ಬರೆಯಲ್ಪಡುತ್ತದೆ.

ಹೀಗಾಗಿ ಎಕ್ಸ್‌ಚೇಂಜ್‌ಗೆ ಮುನ್ನ ಏಜೆಂಟ್ ಹೇಳುವ ಯಾವ ದಿನಾಂಕವನ್ನೂ ದಿನಾಂಕವೆಂದು ಎಣಿಸಬಾರದು. ಅದು ಅವರ ಆಸೆ. ಬೆಲೆ ಒಪ್ಪಿದಂದಿನಿಂದ ಕೀಲಿಕೈ ಸಿಗುವವರೆಗೆ ಮೂರರಿಂದ ಆರು ತಿಂಗಳು ಹಿಡಿಯುವುದು ಇಲ್ಲಿ ಸಹಜ, ಅದಕ್ಕಿಂತ ಹೆಚ್ಚಾದರೂ ಯಾರೂ ಹುಬ್ಬೇರಿಸುವುದಿಲ್ಲ. ಬಾಡಿಗೆ ಮನೆಗೆ ನೋಟಿಸ್ ಕೊಡುವುದು, ಟಿಕೆಟ್ ತೆಗೆಸುವುದು, ಅಳತೆ ಕೊಟ್ಟು ಪರದೆ ಹೊಲಿಸುವುದು, ಇವೆಲ್ಲ ಎಕ್ಸ್‌ಚೇಂಜ್ ಆದ ಮೇಲಿನ ಕೆಲಸಗಳು. ನಾವು ಮುಹೂರ್ತದಲ್ಲಿ ಎಡವಿದೆವು. ನಮ್ಮ ಪರಿಚಯದ ಇನ್ನೊಂದು ಕುಟುಂಬ ಬಾಡಿಗೆ ಮನೆಗೆ ಮೊದಲೇ ನೋಟಿಸ್ ಕೊಟ್ಟು, ಏಳು ವಾರ ಸ್ನೇಹಿತರ ಮನೆಯ ಮಹಡಿಯಲ್ಲಿ ಸೂಟ್‌ಕೇಸುಗಳ ನಡುವೆ ಕಳೆಯಿತು.

ಕಡತ ಎಲ್ಲಿ ನಿಂತಿದೆ?

ವಿಳಂಬವಾದಾಗ ಎಲ್ಲರ ಸಿಟ್ಟೂ ತಿರುಗುವುದು ಸಾಲಿಸಿಟರ್ ಮೇಲೆ. ಕೆಲವು ಸಲ ಅದು ನ್ಯಾಯವೇ. ಆದರೆ ಕಡತ ನಿಲ್ಲುವ ಜಾಗಗಳು ಹಲವು, ಒಂದೊಂದಕ್ಕೂ ಬೇರೆ ಬೇರೆ ಮದ್ದು ಇದೆ. ಯಾವ ಜಾಗದಲ್ಲಿ ನಿಂತಿದೆ ಎಂದು ತಿಳಿಯದೆ ದಿನವೂ ಫೋನ್ ಮಾಡುವುದರಿಂದ ನಿಮ್ಮ ಕಡತ ಮುಂದೆ ಹೋಗುವುದಿಲ್ಲ, ಸಾಲಿಸಿಟರಿನ ಸಮಯ ಮಾತ್ರ ಹೋಗುತ್ತದೆ.

ಮೊದಲನೆಯ ಜಾಗ ಸರ್ಚ್. ಮನೆಯ ಮುಂದಿನ ರಸ್ತೆ ಕೌನ್ಸಿಲಿಗೆ (ನಮ್ಮ ಪುರಸಭೆಯಂಥ ಸ್ಥಳೀಯ ಆಡಳಿತಕ್ಕೆ) ಸೇರಿದ್ದೇ, ಪಕ್ಕದಲ್ಲಿ ಹೊಸ ರಸ್ತೆಯ ಯೋಜನೆ ಇದೆಯೇ, ಕಟ್ಟಡಕ್ಕೆ ಅನುಮತಿಗಳಿದ್ದವೇ ಎಂಬ ವಿವರಗಳನ್ನು ಸ್ಥಳೀಯ ಕೌನ್ಸಿಲಿನಿಂದಲೂ, ಒಳಚರಂಡಿಯ ವಿವರವನ್ನು ನೀರಿನ ಕಂಪನಿಯಿಂದಲೂ ಸಾಲಿಸಿಟರ್ ತರಿಸುತ್ತಾರೆ. ಕೆಲವು ಕೌನ್ಸಿಲುಗಳು ಕೆಲವೇ ದಿನಗಳಲ್ಲಿ ಉತ್ತರಿಸುತ್ತವೆ, ಕೆಲವು ಹಲವು ವಾರ ತೆಗೆದುಕೊಳ್ಳುತ್ತವೆ. ಕೌನ್ಸಿಲನ್ನು ಅವಸರಪಡಿಸಲು ಆಗದು. ನಿಮ್ಮ ಕೈಯಲ್ಲಿರುವುದು ಸರ್ಚ್‌ಗೆ ಬೇಕಾದ ಹಣವನ್ನು ಸಾಲಿಸಿಟರಿಗೆ ಮೊದಲ ದಿನವೇ ಕಟ್ಟಿ, ಅರ್ಜಿ ಹೋಯಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದೊಂದೇ. ಸಾಲ ಮಂಜೂರಾಗಲಿ, ಆಮೇಲೆ ಸರ್ಚ್ ಮಾಡಿಸೋಣ ಎಂದು ಕಾಯುವವರಿದ್ದಾರೆ. ನಾಲ್ಕೈದು ನೂರು ಪೌಂಡ್ ಉಳಿಸುವ ಆ ಎಚ್ಚರಿಕೆಯಲ್ಲಿ ಒಂದು ತಿಂಗಳು ಕಳೆದುಹೋಗಬಹುದು.

ಎರಡನೆಯದು ಪ್ರಶ್ನೋತ್ತರ, ಇಲ್ಲಿನವರ ಮಾತಿನಲ್ಲಿ ಎನ್‌ಕ್ವೈರಿ. ಮಾರುವವರು ಮನೆಯ ಬಗ್ಗೆ ತುಂಬಿಕೊಟ್ಟ ನಮೂನೆಗಳನ್ನು ಓದಿ ನಿಮ್ಮ ಸಾಲಿಸಿಟರ್ ಪ್ರಶ್ನೆಗಳನ್ನು ಕಳುಹಿಸುತ್ತಾರೆ, ಆ ಕಡೆಯ ಸಾಲಿಸಿಟರ್ ಅವನ್ನು ಮಾಲೀಕರಿಗೆ ಕಳುಹಿಸುತ್ತಾರೆ, ಮಾಲೀಕರು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕಾಗದ ಹುಡುಕುತ್ತಾರೆ. ಬಹುಪಾಲು ವಿಳಂಬ ಇಲ್ಲಿಯೇ. ನಮ್ಮ ಮನೆಯ ಹಿಂಬದಿಯ ಅಡುಗೆಮನೆಯನ್ನು ಹಿಂದಿನ ಮಾಲೀಕರು ಹನ್ನೆರಡು ವರ್ಷದ ಹಿಂದೆ ಹಿಗ್ಗಿಸಿ ಕಟ್ಟಿಸಿದ್ದರು. ಕಟ್ಟಡ ನಿಯಮಗಳ ಪ್ರಕಾರ ಕೆಲಸ ಮುಗಿಯಿತೆಂದು ಕೌನ್ಸಿಲ್ ಕೊಡುವ ಪ್ರಮಾಣಪತ್ರ ಮಾತ್ರ ಅವರಲ್ಲಿ ಇರಲಿಲ್ಲ. ನಮ್ಮ ಸಾಲಿಸಿಟರ್ ಕೇಳಿದರು, ಅವರು ಹುಡುಕುತ್ತೇವೆಂದರು, ಐದು ವಾರ ಹೋಯಿತು. ನನಗೆ ತಡೆಯಲಾಗದೆ, ನಾನೇ ಕೌನ್ಸಿಲಿಗೆ ಫೋನ್ ಮಾಡಿ ವಿಚಾರಿಸುತ್ತೇನೆಂದು ಸಾಲಿಸಿಟರಿಗೆ ಬರೆದೆ. ಹತ್ತು ನಿಮಿಷದಲ್ಲಿ ಅವರೇ ಫೋನ್ ಮಾಡಿ ದಯವಿಟ್ಟು ಆ ಕೆಲಸ ಮಾಡಬೇಡಿ ಎಂದರು. ಇಂಥ ಕಾಗದ ಸಿಗದಾಗ, ಮುಂದೆ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ಒಂದು ಸಲದ ಕಂತು ಕಟ್ಟಿ ಇಂಡೆಮ್ನಿಟಿ ವಿಮೆ ಮಾಡಿಸುವ ರೂಢಿಯಿದೆ. ಆದರೆ ಅದಕ್ಕೆ ಮುಂಚೆಯೇ ಯಾರಾದರೂ ಕೌನ್ಸಿಲಿನ ಕಿವಿಗೆ ವಿಷಯ ಹಾಕಿದರೆ ಸಾಮಾನ್ಯವಾಗಿ ಆ ವಿಮೆ ಸಿಗುವುದೇ ಇಲ್ಲ. ಕೊನೆಗೆ ಮಾರುವವರ ಖರ್ಚಿನಲ್ಲೇ ವಿಮೆ ಮಾಡಿಸಿ ಆ ಗಂಟು ಬಿಡಿಸಿದರು. ಮೊದಲ ವಾರದಲ್ಲೇ ‘ಕಾಗದ ಸಿಗದಿದ್ದರೆ ವಿಮೆಯಿಂದ ಮುಂದುವರಿಯಬಹುದೇ, ಸಾಲ ಕೊಡುವವರು ಒಪ್ಪುತ್ತಾರೆಯೇ’ ಎಂದು ನಾನು ಕೇಳಿದ್ದರೆ ಆ ಐದು ವಾರ ಉಳಿಯುತ್ತಿತ್ತು. ಒಂದು ಮಾತು ನೆನಪಿರಲಿ: ವಿಮೆ ಕಾಗದದ ಕೊರತೆಯನ್ನು ಮುಚ್ಚುತ್ತದೆಯೇ ಹೊರತು ಗೋಡೆಯ ಬಿರುಕನ್ನಲ್ಲ. ಕಟ್ಟಡ ಗಟ್ಟಿಯಾಗಿದೆಯೇ ಎಂದು ಮನೆಯನ್ನು ಪರೀಕ್ಷಿಸುವ ಸರ್ವೇಯರ್ ಹೇಳಬೇಕು.

ಮೂರನೆಯ ಜಾಗ ಚೈನ್. ನಿಮಗೆ ಮನೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಆ ಮನೆಯವರು ಮತ್ತೊಂದನ್ನು. ಇವೆಲ್ಲದರ ಎಕ್ಸ್‌ಚೇಂಜ್ ಒಂದೇ ದಿನ ಆಗಬೇಕು, ಕಂಪ್ಲೀಷನ್ನೂ ಬಹುತೇಕ ಒಂದೇ ದಿನ. ನಾಲ್ಕು ಮನೆಗಳ ಚೈನಿನಲ್ಲಿ ಮೇಲಿನ ತುದಿಯವರ ಸಾಲ ತಡವಾದರೂ ಕೆಳಗಿನ ತುದಿಯಲ್ಲಿರುವ ನೀವು ಕಾಯಬೇಕು. ನಿಮ್ಮ ಸಾಲಿಸಿಟರಿಗೆ ಸಾಮಾನ್ಯವಾಗಿ ಪಕ್ಕದ ಕೊಂಡಿಯ ಸಂಗತಿ ಮಾತ್ರ ಗೊತ್ತಿರುತ್ತದೆ. ಇಡೀ ಚೈನಿನ ಸುದ್ದಿ ಎಸ್ಟೇಟ್ ಏಜೆಂಟಿನ ಬಳಿ ಇರುತ್ತದೆ, ಏಕೆಂದರೆ ಅವರು ಬೇರೆ ಏಜೆಂಟರೊಂದಿಗೆ ನೇರವಾಗಿ ಮಾತನಾಡುತ್ತಾರೆ. ಅವರು ಮಾರುವವರ ಕಡೆಯವರು ನಿಜ. ಆದರೆ ವ್ಯವಹಾರ ಮುಗಿಯದೆ ಅವರಿಗೆ ಕಮಿಷನ್ ಬರುವುದಿಲ್ಲವಾದ್ದರಿಂದ, ಅವಸರದ ವಿಷಯದಲ್ಲಿ ನಿಮ್ಮ ಅವರ ಹಿತ ಒಂದೇ. ಮನೆ ನೋಡಲು ಹೋದಾಗಲೇ ಚೈನಿನಲ್ಲಿ ಎಷ್ಟು ಮನೆಗಳಿವೆ, ಮಾರುವವರು ಮುಂದಿನ ಮನೆ ಹುಡುಕಿಯಾಗಿದೆಯೇ ಎಂದು ಕೇಳಿ. ಇನ್ನೂ ಹುಡುಕುತ್ತಿದ್ದಾರೆ ಎಂಬ ಉತ್ತರ ಬಂದರೆ ನಿಮ್ಮ ಲೆಕ್ಕಕ್ಕೆ ಇನ್ನೆರಡು ತಿಂಗಳು ಸೇರಿಸಿಕೊಳ್ಳಿ.

ಖಾಲಿ ಮನೆ ಕಂಡು ಚೈನ್ ಇಲ್ಲವೆಂದು ಹಿಗ್ಗುವ ಮುನ್ನ, ಮಾಲೀಕರು ತೀರಿಕೊಂಡು ವಾರಸುದಾರರು ಮಾರುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ಹಾಗಿದ್ದರೆ ಪ್ರೊಬೇಟ್ ಆದೇಶ, ಅಂದರೆ ತೀರಿಕೊಂಡವರ ಆಸ್ತಿಯನ್ನು ವಿಲೇವಾರಿ ಮಾಡಲು ಕಾನೂನಿನ ಅಧಿಕಾರ ಕೊಡುವ ಪತ್ರ, ಕೈಗೆ ಬಂದಿದೆಯೇ ಎಂಬುದೇ ಮುಖ್ಯ. ಅದು ಬರದೆ ಮಾರಾಟ ಪೂರ್ತಿಯಾಗದು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗೆಯೇ, ಇಂಗ್ಲೆಂಡ್ ಮತ್ತು ವೇಲ್ಸ್‌ನಾದ್ಯಂತ ಮಾರಾಟವಾದ ಆಸ್ತಿಯ ನೋಂದಣಿ ಕಡ್ಡಾಯವಾದದ್ದು 1990ರ ಡಿಸೆಂಬರ್ 1ರಿಂದ. ಅದಕ್ಕೂ ಹಿಂದಿನಿಂದ ಒಂದೇ ಕುಟುಂಬದಲ್ಲಿ ಉಳಿದ ಮನೆ ನೋಂದಣಿಯಾಗದೆಯೇ ಇರಬಹುದು, ಆಗ ಹಳೆಯ ಪತ್ರಗಳನ್ನೆಲ್ಲ ಓದಬೇಕಾಗುತ್ತದೆ. ಆಸ್ತಿ ನೋಂದಣಿಯ ಸರ್ಕಾರಿ ಇಲಾಖೆಯಾದ ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಲ್ಲಿ 7 ಪೌಂಡ್ ಕೊಟ್ಟರೆ ನೋಂದಣಿಯಾದ ಯಾವ ಮನೆಯ ಹಕ್ಕಿನ ದಾಖಲೆಯನ್ನಾದರೂ ಯಾರು ಬೇಕಾದರೂ ಪಡೆಯಬಹುದು. ನಮ್ಮ ಇಸಿ ಇದ್ದಂತೆ ಎಂದುಕೊಳ್ಳಿ. ಬೆಲೆ ಹೇಳುವ ಮುನ್ನ ಅದನ್ನು ತೆಗೆದು ನೋಡುವುದು ಒಳ್ಳೆಯ ಅಭ್ಯಾಸ.

ಫ್ಲಾಟ್ ಕೊಳ್ಳುವವರಿಗೆ ಇನ್ನಷ್ಟು ತಾಳ್ಮೆ ಬೇಕು

ಇಲ್ಲಿನ ಫ್ಲಾಟುಗಳು ಬಹುತೇಕ ಲೀಸ್‌ಹೋಲ್ಡ್: ನೆಲ ಮತ್ತು ಕಟ್ಟಡ ಇನ್ನೊಬ್ಬರದು, ನೀವು ಕೊಳ್ಳುವುದು ನಿಗದಿತ ವರ್ಷಗಳ ಹಕ್ಕನ್ನು. ಕಟ್ಟಡವನ್ನು ನೋಡಿಕೊಳ್ಳುವ ಸಂಸ್ಥೆಯಿಂದ ನಿರ್ವಹಣಾ ಶುಲ್ಕ, ವಿಮೆ, ಮುಂದೆ ಬರಲಿರುವ ದೊಡ್ಡ ದುರಸ್ತಿಗಳ ವಿವರಗಳಿರುವ ಕಾಗದಗಳ ಒಂದು ಕಟ್ಟನ್ನು ಮಾರುವವರು ಹಣ ಕೊಟ್ಟು ತರಿಸಬೇಕು. ಆ ಸಂಸ್ಥೆಗಳಿಗೆ ನಿಮ್ಮ ಅವಸರ ತಟ್ಟುವುದಿಲ್ಲ; ವಾರಗಟ್ಟಲೆ ಕಾಯಿಸುತ್ತವೆ. ಬೆಲೆ ಹೇಳುವಾಗಲೇ ‘ಈ ಕಟ್ಟಿಗೆ ಒಂದು ವಾರದೊಳಗೆ ಹಣ ಕಟ್ಟಿ ಅರ್ಜಿ ಹಾಕಬೇಕು’ ಎಂಬ ಷರತ್ತನ್ನು ಏಜೆಂಟಿಗೆ ಬರೆದು ತಿಳಿಸಿ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹತ್ತಿದ ಬೆಂಕಿಯಲ್ಲಿ 72 ಮಂದಿ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಮೂಲಕ ಬೆಂಕಿ ಮೇಲೇರಿತ್ತು. ಆ ಬಳಿಕ ಎತ್ತರದ ಕಟ್ಟಡಗಳ ಹೊರಗೋಡೆಯ ಸುರಕ್ಷತೆಗೆ ಇಡಬ್ಲ್ಯೂಎಸ್1 ಎಂಬ ಪ್ರಮಾಣಪತ್ರವನ್ನು ಸಾಲ ಕೊಡುವವರು ಕೇಳತೊಡಗಿದರು. 2022ರ ಕಟ್ಟಡ ಸುರಕ್ಷತಾ ಕಾಯ್ದೆಯು ಕನಿಷ್ಠ 11 ಮೀಟರ್ ಎತ್ತರದ ಅಥವಾ ಕನಿಷ್ಠ ಐದು ಅಂತಸ್ತಿನ ಕಟ್ಟಡಗಳ ವಿಷಯದಲ್ಲಿ ಇನ್ನಷ್ಟು ಪತ್ರಗಳನ್ನು ಸೇರಿಸಿತು. ಅಂಥ ಕಟ್ಟಡಗಳಲ್ಲಿ ಈ ಕಾಗದಗಳಿಲ್ಲದ ಫ್ಲಾಟಿಗೆ ಸಾಲ ಸಿಗುವುದು ಕಷ್ಟವಾಗಬಹುದು. ಬಾಲ್ಕನಿಯಿಂದ ಕಾಣುವ ನದಿಯನ್ನು ಮೆಚ್ಚಿಕೊಳ್ಳುವ ಮೊದಲು ಕಟ್ಟಡ ಎಷ್ಟು ಅಂತಸ್ತಿನದು, ಲೀಸ್ ಇನ್ನೆಷ್ಟು ವರ್ಷ ಉಳಿದಿದೆ ಎಂದು ಕೇಳುವುದು ಕ್ಷೇಮ. 80 ವರ್ಷಕ್ಕಿಂತ ಕಡಿಮೆಯಿದ್ದರೆ ಅದೇ ಒಂದು ಬೇರೆ ವ್ಯವಹಾರವಾಗುತ್ತದೆ.

ಊರಿನಿಂದ ಬರುವ ಹಣ

ನಮ್ಮವರ ಕಡತಗಳು ಬೇರೆಯವರಿಗಿಂತ ಹೆಚ್ಚು ದಿನ ನಿಲ್ಲುವ ಜಾಗ ಇದು, ಮತ್ತು ಇದನ್ನು ಪೂರ್ತಿಯಾಗಿ ನಾವೇ ಸರಿಪಡಿಸಬಹುದು. ಠೇವಣಿಯ ಹಣ ಎಲ್ಲಿಂದ ಬಂತೆಂದು ಸಾಲಿಸಿಟರ್ ಖಚಿತಪಡಿಸಿಕೊಳ್ಳಲೇಬೇಕೆಂದು ಅಕ್ರಮ ಹಣ ತಡೆಯುವ ಕಾನೂನು ವಿಧಿಸುತ್ತದೆ. ಅಪ್ಪ ಕಳುಹಿಸಿದರು ಎಂದರೆ ಸಾಲದು. ಅಪ್ಪನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮುಂದೆ ಕಾದಿರುತ್ತದೆ. ನಿವೃತ್ತಿಯಾದಾಗ ಬಂದ ಹಣವಾದರೆ ಆ ಆದೇಶ, ನಿವೇಶನ ಮಾರಿದ ಹಣವಾದರೆ ಕ್ರಯಪತ್ರ, ಎಫ್‌ಡಿ ಮುರಿಸಿದ್ದಾದರೆ ಬ್ಯಾಂಕಿನ ಪತ್ರ, ಇವುಗಳ ಜೊತೆಗೆ ಅಪ್ಪನ ಗುರುತಿನ ದಾಖಲೆ, ಹಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಈ ಹಣವನ್ನು ಮರಳಿ ಕೇಳುವುದಿಲ್ಲ ಮತ್ತು ಮನೆಯ ಮೇಲೆ ಹಕ್ಕು ಸಾಧಿಸುವುದಿಲ್ಲ ಎಂಬ ದಾನಪತ್ರ ಬೇಕಾಗುತ್ತವೆ. ಕನ್ನಡದಲ್ಲಿರುವ ಕ್ರಯಪತ್ರಕ್ಕೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಮನೆಯ ಹುಡುಕಾಟ ಶುರುವಾಗುವ ಮುನ್ನವೇ ಇವನ್ನೆಲ್ಲ ಒಂದು ಕಡೆ ಸೇರಿಸಿ, ಸಾಲಿಸಿಟರನ್ನು ನೇಮಿಸಿದ ದಿನವೇ ಒಟ್ಟಾಗಿ ಕೊಟ್ಟುಬಿಟ್ಟರೆ ಮುಂದೆ ತಲೆನೋವಿಲ್ಲ.

ಭಾರತದ ಕಡೆಯ ನಿಯಮಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದಲ್ಲಿ ವಾಸವಿರುವ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳುಹಿಸಬಹುದಾದ ಮೊತ್ತದ ಮಿತಿ 2,50,000 ಡಾಲರ್. ಮಗನಿಗೆ ಅಥವಾ ಮಗಳಿಗೆ ಕೊಡುಗೆಯಾಗಿ ಕಳುಹಿಸುವಾಗ, ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ. 20ರಷ್ಟು ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದಾಗ ಅದನ್ನು ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು, ಆದರೆ ಕಳುಹಿಸುವ ದಿನ ಆ ಹಣವೂ ಕೈಯಲ್ಲಿರಬೇಕು. 40 ಲಕ್ಷ ಕಳುಹಿಸಬೇಕೆಂದರೆ ಅಪ್ಪನ ಖಾತೆಯಲ್ಲಿ 46 ಲಕ್ಷ ಇರಬೇಕು ಎಂಬುದು ನಮಗೆ ಗೊತ್ತಾದದ್ದು ಬ್ಯಾಂಕಿನ ಕೌಂಟರಿನ ಮುಂದೆ ಅಪ್ಪ ನಿಂತಾಗ. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿರುವ ತಮ್ಮದೇ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಯಿಂದ ತರಿಸುವುದಾದರೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕಾಗುತ್ತದೆ. ಊರಿನ ಆಸ್ತಿಯನ್ನು ಈಗ ಮಾರಿ ಆ ಹಣದಿಂದ ಇಲ್ಲಿ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಸಲಹೆ ಒಂದೇ: ಆ ಹಣ ಇಲ್ಲಿನ ಖಾತೆಗೆ ಬಂದು ಕುಳಿತ ಮೇಲೆ ಮನೆ ನೋಡಲು ಹೊರಡಿ. ಅನಿವಾಸಿಯಿಂದ ಆಸ್ತಿ ಕೊಳ್ಳುವವರು ಟಿಡಿಎಸ್ ಹಿಡಿಯಬೇಕು, ಅದನ್ನು ಕಡಿಮೆ ಮಾಡಿಸುವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಕಾಯಬೇಕು, ಆಸ್ತಿಯ ಖಾತೆಯ ತಕರಾರು ಯಾವಾಗ ಏಳುತ್ತದೋ ಹೇಳಲಾಗದು. ಎರಡು ದೇಶಗಳ ವಿಳಂಬವನ್ನು ಒಂದೇ ಚೈನಿಗೆ ಕಟ್ಟಿದರೆ ಎರಡೂ ಕೆಡುತ್ತವೆ.

ತೆರಿಗೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ, ಏಕೆಂದರೆ ಕೊನೆಯ ವಾರದಲ್ಲಿ ಹಣ ಸಾಲದೆ ನಿಂತ ಕಡತಗಳನ್ನು ನಾನು ಬಲ್ಲೆ. ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವವರಿಗೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ರಿಯಾಯಿತಿ ಇದೆ, ಆದರೆ ಮೊದಲ ಮನೆ ಎಂದರೆ ಜಗತ್ತಿನಲ್ಲೇ ಮೊದಲನೆಯದು. ಬೆಂಗಳೂರಿನಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಫ್ಲಾಟ್ ಇದ್ದರೆ ಆ ರಿಯಾಯಿತಿ ಇಲ್ಲ. ಆ ಫ್ಲಾಟಿನ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಹೆಚ್ಚಿದ್ದರೆ, 2024ರ ಅಕ್ಟೋಬರ್ 31ರಿಂದ ಜಾರಿಯಲ್ಲಿರುವಂತೆ ಶೇ. 5ರ ಹೆಚ್ಚುವರಿ ತೆರಿಗೆಯೂ ಬೀಳಬಹುದು. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ 4,00,000 ಪೌಂಡಿನ ಮನೆಗೆ ಮೊದಲ ಸಲ ಕೊಳ್ಳುವವರು 5,000 ಪೌಂಡ್ ಕಟ್ಟಿದರೆ, ಊರಿನಲ್ಲಿ ಮನೆಯಿರುವವರು 30,000 ಪೌಂಡ್ ಕಟ್ಟಬೇಕಾದೀತು. ಕೊಳ್ಳುವ ಮುಂಚಿನ ಹನ್ನೆರಡು ತಿಂಗಳಲ್ಲಿ 183 ದಿನ ಬ್ರಿಟನ್ನಿನಲ್ಲಿ ಇರದವರಿಗೆ ಇನ್ನೂ ಶೇ. 2 ಹೆಚ್ಚು. ಪಿತ್ರಾರ್ಜಿತ ಮನೆಯಲ್ಲಿನ ಪಾಲು, ಅಪ್ಪ ಪ್ರೀತಿಯಿಂದ ಜಂಟಿ ಹೆಸರಿಗೆ ಮಾಡಿಸಿದ ಮನೆ, ಎಲ್ಲವನ್ನೂ ಸಾಲಿಸಿಟರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ವಾರಕ್ಕೊಂದು ಕಾಗದ

ಸಾಲಿಸಿಟರಿಗೆ ದಿನಕ್ಕೆರಡು ಫೋನ್ ಮಾಡುವ ಬದಲು ವಾರಕ್ಕೊಂದು ಇಮೇಲ್, ಅದೂ ಪ್ರತಿ ವಾರ ಅದೇ ದಿನ, ಬರೆಯುವ ಪದ್ಧತಿ ಇಟ್ಟುಕೊಳ್ಳಿ. ನಾನು ಪ್ರತಿ ಮಂಗಳವಾರ ಬೆಳಿಗ್ಗೆ ಬರೆಯುತ್ತಿದ್ದ ಕಾಗದದಲ್ಲಿ ನಾಲ್ಕೇ ಪ್ರಶ್ನೆಗಳಿದ್ದವು: ಯಾವ ಸರ್ಚ್ ಇನ್ನೂ ಬಂದಿಲ್ಲ; ಉತ್ತರ ಬಾರದ ಪ್ರಶ್ನೆಗಳು ಎಷ್ಟು, ಯಾವುವು, ಅವನ್ನು ಕೇಳಿದ್ದು ಯಾವ ದಿನ; ನಮ್ಮ ಸಾಲ ಕೊಡುವವರಿಗೆ ಇನ್ನೇನಾದರೂ ಬೇಕೇ; ನನ್ನಿಂದ ಏನಾಗಬೇಕು. ಉತ್ತರ ಬಂದ ಕೂಡಲೇ ಏಜೆಂಟಿಗೆ ಫೋನ್ ಮಾಡಿ, ‘ನಾವು ಮೂರನೆಯ ಮತ್ತು ಏಳನೆಯ ಪ್ರಶ್ನೆಗೆ ಉತ್ತರ ಕಾಯುತ್ತಿದ್ದೇವೆ, ಕೇಳಿದ್ದು ಹದಿನಾಲ್ಕನೆಯ ತಾರೀಖು’ ಎಂದು ಹೇಳುತ್ತಿದ್ದೆ. ಆ ಕಡೆಯವರು ‘ನಮ್ಮದೇನೂ ಬಾಕಿಯಿಲ್ಲ, ಕೊಳ್ಳುವವರ ಸಾಲಿಸಿಟರೇ ತಡ’ ಎಂದು ಏಜೆಂಟಿಗೆ ಹೇಳಿರುವುದು ಎರಡು ಸಲ ಬಯಲಾಯಿತು. ನಮ್ಮವರು ಕಳುಹಿಸಿದ ಇಮೇಲ್ ಆ ಕಡೆ ರಜೆಯಲ್ಲಿದ್ದ ಒಬ್ಬರ ಪೆಟ್ಟಿಗೆಯಲ್ಲಿ ಕುಳಿತಿತ್ತು. ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಹೇಳಿದರೆ ಹುಡುಕುತ್ತಾರೆ; ಬೇಗ ಮಾಡಿ ಎಂದರೆ ಆಗಲಿ ಎನ್ನುತ್ತಾರೆ.

ಅವಧಿ ಮುಗಿಯುವ ಕಾಗದಗಳು

ವಿಳಂಬದ ನಿಜವಾದ ಅಪಾಯ ಕಾಯುವುದರಲ್ಲಿಲ್ಲ, ಕಾಯುವಾಗ ಕೈಯಲ್ಲಿರುವ ಕಾಗದಗಳು ಹಳಸುವುದರಲ್ಲಿದೆ. ಸಾಲದ ಆಫರ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಜೀವಂತ. ಸರ್ಚ್ ವರದಿಗಳು ಕಂಪ್ಲೀಷನ್ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದೆಂದು ಸಾಲ ಕೊಡುವವರು ವಿಧಿಸುತ್ತಾರೆ. ಎರಡರ ಕೊನೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಫರ್ ಮುಗಿಯಲು ಒಂದು ತಿಂಗಳಿರುವಾಗಲೇ ವಿಸ್ತರಣೆ ಸಿಗುತ್ತದೆಯೇ ಎಂದು ಸಾಲ ಕೊಡಿಸಿದ ಬ್ರೋಕರ್ ಮೂಲಕ ಕೇಳಿ. ಬಡ್ಡಿ ದರ ಇಳಿದಿದ್ದರೆ ಅದೇ ಬ್ಯಾಂಕಿನ ಅಗ್ಗದ ದರಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದೂ ವಿಚಾರಿಸಿ. ವಿಳಂಬದಿಂದ ಸಿಗುವ ಲಾಭ ಇದೊಂದೇ. ವೀಸಾ ಅವಧಿ ಈ ನಡುವೆ ಮುಗಿಯುವುದಿದ್ದರೆ ನವೀಕರಣವನ್ನು ಬೇಗ ಮಾಡಿಸಿ, ಹೊಸ ಸ್ಥಿತಿಯನ್ನು ಸಾಲ ಕೊಡುವವರಿಗೆ ತಿಳಿಸಬೇಕು. ಕಂಪ್ಲೀಷನ್ ಆಗುವವರೆಗೆ ಕಾರಿಗೆ ಸಾಲ ಮಾಡುವುದು, ಕೆಲಸ ಬದಲಾಯಿಸುವುದು ಬೇಡ, ಬದಲಾಯಿಸಲೇಬೇಕಾದರೆ ಮುಚ್ಚಿಡಬೇಡಿ.

ಈ ತಿಂಗಳುಗಳಲ್ಲಿ ಊರಿಗೆ ಹೋಗುವ ಪ್ರಸಂಗ ಬಂದರೆ, ಸಾಲದ ಪತ್ರಕ್ಕೆ ಇಲ್ಲಿರುವಾಗಲೇ ಸಹಿ ಮಾಡಿ ಸಾಲಿಸಿಟರ್ ಬಳಿ ಇಟ್ಟು ಹೋಗಿ. ಆ ಸಹಿಗೆ ಸಾಕ್ಷಿ ಹಾಕುವವರು ಎದುರಿಗೇ ಇರಬೇಕು, ಮನೆಯವರಾಗಿರಬಾರದೆಂದು ಸಾಲ ಕೊಡುವವರು ಬಯಸುತ್ತಾರೆ. ಚಿಕ್ಕಮಗಳೂರಿನಿಂದ ಕೊರಿಯರ್ ಮಾಡಿದ ಮೂಲಪತ್ರಕ್ಕಾಗಿ ನಾಲ್ಕು ಮನೆಯವರು ಕಾದ ಕಥೆಯೊಂದನ್ನು ಕೇಳಿದ್ದೇನೆ.

ಮಕ್ಕಳಿರುವವರು ಶಾಲೆಯ ಗಡುವನ್ನೂ ನೋಡಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಸೇರುವ ಮಕ್ಕಳಿಗೆ ಪ್ರೌಢಶಾಲೆಯ ಅರ್ಜಿಗೆ ಹಿಂದಿನ ಅಕ್ಟೋಬರ್ 31, ಪ್ರಾಥಮಿಕ ಶಾಲೆಗೆ ಜನವರಿ 15 ಕೊನೆಯ ದಿನ. ಸರ್ಕಾರಿ ಶಾಲೆಯ ಸೀಟು ವಿಳಾಸವನ್ನು ಅವಲಂಬಿಸಿರುತ್ತದೆ. ಎಕ್ಸ್‌ಚೇಂಜ್ ಆದ ಪತ್ರವನ್ನು ಹಲವು ಕೌನ್ಸಿಲುಗಳು ಹೊಸ ವಿಳಾಸಕ್ಕೆ ಪುರಾವೆಯಾಗಿ ಒಪ್ಪುತ್ತವೆ, ಬೆಲೆ ಒಪ್ಪಿದ ಪತ್ರವನ್ನು ಒಪ್ಪುವುದಿಲ್ಲ. ಆದ್ದರಿಂದ ಗಡುವಿಗೆ ಮುನ್ನ ಎಕ್ಸ್‌ಚೇಂಜ್ ಆಗದಿದ್ದರೆ ಈಗಿನ ವಿಳಾಸದಿಂದಲೇ ಅರ್ಜಿ ಹಾಕಿ, ಆಮೇಲೆ ಬದಲಾವಣೆ ತಿಳಿಸುವುದು ದಾರಿ.

ಎಕ್ಸ್‌ಚೇಂಜ್ ಆದ ಮೇಲೂ ತಡವಾದರೆ

ಎಕ್ಸ್‌ಚೇಂಜ್ ಮತ್ತು ಕಂಪ್ಲೀಷನ್ ನಡುವೆ ಎರಡು ವಾರವಾದರೂ ಇರಲಿ ಎಂದು ಪಟ್ಟು ಹಿಡಿಯಿರಿ. ಸಾಲದ ಹಣ ತರಿಸಲು, ಸಾಮಾನು ಸಾಗಿಸುವ ವ್ಯಾನ್ ಗೊತ್ತುಮಾಡಲು ಅಷ್ಟು ಬೇಕು. ಕಟ್ಟಡದ ವಿಮೆ ಎಕ್ಸ್‌ಚೇಂಜ್ ದಿನದಿಂದಲೇ ನಿಮ್ಮ ಹೊಣೆ ಎಂಬುದನ್ನು ಮರೆಯಬೇಡಿ. ಕಂಪ್ಲೀಷನ್‌ಗೆ ಎಲ್ಲರೂ ಶುಕ್ರವಾರ ಕೇಳುತ್ತಾರೆ, ನೀವು ಬುಧವಾರ ಕೇಳಿ. ಶುಕ್ರವಾರ ಹಣ ಸಮಯಕ್ಕೆ ತಲುಪದಿದ್ದರೆ ಸೋಮವಾರದವರೆಗೆ ನಿಮ್ಮ ಸಾಮಾನು ವ್ಯಾನಿನಲ್ಲಿ, ನೀವು ಹೋಟೆಲಿನಲ್ಲಿ.

ನಮ್ಮದು ಬುಧವಾರವೇ ಆಗಿತ್ತು. ಮಧ್ಯಾಹ್ನ ಎರಡು ಗಂಟೆಯೊಳಗೆ ಹಣ ತಲುಪಬೇಕೆಂಬುದು ಒಪ್ಪಂದಗಳಲ್ಲಿ ಸಾಮಾನ್ಯವಾಗಿರುವ ಷರತ್ತು. ನಮ್ಮ ಹಣ ಹನ್ನೊಂದಕ್ಕೇ ಹೋಗಿತ್ತು. ಮೇಲಿನ ಮನೆಗಳಲ್ಲೊಂದರದು ಎಲ್ಲೋ ನಿಂತು, ಮೂರೂಮುಕ್ಕಾಲಿನವರೆಗೆ ಕೀಲಿಕೈ ಬಿಡಲಿಲ್ಲ. ಆ ರಸ್ತೆಯ ಅಂಚಿನಲ್ಲಿ ವ್ಯಾನಿನ ಚಾಲಕ ಚಹಾ ಕುಡಿಯುತ್ತ ಗಂಟೆಗೆ ಇಷ್ಟು ಎಂದು ಲೆಕ್ಕ ಬರೆದುಕೊಳ್ಳುತ್ತಿದ್ದ. ದೇವರ ಫೋಟೊ, ಹಾಲು, ಒಂದು ಪಾತ್ರೆಯನ್ನು ಮಾತ್ರ ಕಾರಿನಲ್ಲಿ ಇಟ್ಟುಕೊಂಡಿದ್ದೆವು. ಹಾಲುಕ್ಕಿಸಿದ್ದು ಸಂಜೆ ಆರಕ್ಕೆ. ಹೋಮ ಮಾಡಿಸುವವರು ಹೊಗೆಗೆ ಕೂಗುವ ಅಲಾರಂ ಎಲ್ಲಿದೆ ಎಂದು ಮುಂಚಿತವಾಗಿ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನಿಗದಿಯಾದ ದಿನ ಒಂದು ಪಕ್ಷ ತಪ್ಪಿದರೆ ಇನ್ನೊಂದು ಪಕ್ಷದ ಸಾಲಿಸಿಟರ್ ನೋಟಿಸ್ ಕೊಡಬಹುದು; ರೂಢಿಯ ಷರತ್ತುಗಳ ಪ್ರಕಾರ ಅಲ್ಲಿಂದ ಹತ್ತು ಕೆಲಸದ ದಿನಗಳೊಳಗೆ ಮುಗಿಸಬೇಕು, ತಡಮಾಡಿದವರು ಬಡ್ಡಿ ರೂಪದ ಪರಿಹಾರ ತೆರಬೇಕು. ಕೊಳ್ಳುವವರೇ ತಪ್ಪಿದರೆ ಶೇ. 10ರ ಠೇವಣಿಯೂ ಹೋಗಬಹುದು. ಭಾರತದಿಂದ ಬರಬೇಕಾದ ಹಣ ಎಕ್ಸ್‌ಚೇಂಜ್‌ಗೆ ಮುಂಚೆಯೇ ಸಾಲಿಸಿಟರ್ ಖಾತೆಯಲ್ಲಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಬಿಲ್ಡರಿನಿಂದ ಹೊಸ ಮನೆ ಕೊಳ್ಳುವವರಾದರೆ, ಇಂಥ ದಿನದೊಳಗೆ ಮನೆ ಮುಗಿಯದಿದ್ದರೆ ಠೇವಣಿ ಮರಳಿ ಪಡೆದು ಹೊರಬರಬಹುದೆಂಬ ಕೊನೆಯ ಗಡುವು ಒಪ್ಪಂದದಲ್ಲಿದೆಯೇ ಎಂದು ಸಹಿ ಹಾಕುವ ಮುನ್ನ ಓದಿಕೊಳ್ಳಬೇಕು.

ಬಿಟ್ಟುಬಿಡುವುದು, ದೂರು ಕೊಡುವುದು

ನಾಲ್ಕು ತಿಂಗಳಾದರೂ ಕಡತ ಅಲುಗದಿದ್ದರೆ, ಇಂಥ ದಿನದೊಳಗೆ ಎಕ್ಸ್‌ಚೇಂಜ್ ಆಗದಿದ್ದರೆ ಬೇರೆ ಮನೆ ನೋಡುತ್ತೇವೆಂದು ಏಜೆಂಟಿಗೆ ಬರೆದು ತಿಳಿಸಬಹುದು. ನಿಜವಾಗಿಯೂ ಬಿಡಲು ಸಿದ್ಧರಿದ್ದರೆ ಮಾತ್ರ ಹಾಗೆ ಬರೆಯಿರಿ. ಸರ್ಚ್ ಮತ್ತು ಸರ್ವೆಗೆ ಕಟ್ಟಿದ ಹಣ ಮರಳಿ ಬರುವುದಿಲ್ಲ.

ನಿಮ್ಮ ಸಾಲಿಸಿಟರ್ ಕಚೇರಿಯೇ ವಾರಗಟ್ಟಲೆ ಉತ್ತರಿಸದಿದ್ದರೆ, ಅದೇ ಕಚೇರಿಯ ದೂರು ವಿಭಾಗಕ್ಕೆ ದಿನಾಂಕಗಳ ಸಮೇತ ಬರೆಯಬೇಕು. ಆ ಕಾಗದ ತಲುಪಿದ ಮೇಲೆ ಕಡತ ಹಿರಿಯರೊಬ್ಬರ ಮೇಜಿಗೆ ಹೋಗುವುದುಂಟು. ಎಂಟು ವಾರದಲ್ಲಿ ಸಮಾಧಾನದ ಉತ್ತರ ಬಾರದಿದ್ದರೆ ವಕೀಲರ ಮೇಲಿನ ದೂರುಗಳನ್ನು ವಿಚಾರಿಸುವ ಲೀಗಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಏಜೆಂಟರ ಮೇಲಿನ ದೂರಿಗೆ ಪ್ರಾಪರ್ಟಿ ಓಂಬುಡ್ಸ್‌ಮನ್‌ನಂಥ ವ್ಯವಸ್ಥೆಗಳಿವೆ. ನಡುವೆ ಸಾಲಿಸಿಟರನ್ನು ಬದಲಾಯಿಸುವ ಮನಸ್ಸಾಗುತ್ತದೆ, ನನಗೂ ಆಗಿತ್ತು. ಹೊಸಬರು ಕಡತವನ್ನು ಮೊದಲಿನಿಂದ ಓದುತ್ತಾರೆ, ಗುರುತಿನ ಪರಿಶೀಲನೆಯನ್ನೂ ಹಣದ ಮೂಲವನ್ನೂ ಮತ್ತೆ ಕೇಳುತ್ತಾರೆ. ಉಳಿದಿರುವುದು ಎರಡು ಮೂರು ಪ್ರಶ್ನೆಗಳಾದರೆ ಇರುವವರಲ್ಲೇ ಮುಗಿಸುವುದು ಲೇಸು.

ಕೀಲಿಕೈ ಬಂದ ಮೇಲೆ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿಯ ವಿವರ ಸಲ್ಲಿಸಿ ಹಣ ಕಟ್ಟಬೇಕು, ಸಾಮಾನ್ಯವಾಗಿ ಸಾಲಿಸಿಟರೇ ಮಾಡುತ್ತಾರೆ. ಕಟ್ಟಿದ ರಸೀದಿಯನ್ನು ಕೇಳಿ ಪಡೆಯಿರಿ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಏರಲು ತಿಂಗಳುಗಳು ಹಿಡಿದರೂ ಗಾಬರಿ ಬೇಡ, ಅರ್ಜಿ ಸಕಾಲಕ್ಕೆ ಸೇರಿದ್ದರೆ ಹಕ್ಕಿಗೆ ಕುಂದಿಲ್ಲ. ಊರಿನಿಂದ ‘ಪತ್ರ ಬಂತೇ’ ಎಂದು ಕೇಳಿದರೆ, ಇಲ್ಲಿ ಛಾಪಾ ಕಾಗದದ ಕ್ರಯಪತ್ರ ಯಾರ ಕೈಗೂ ಬರುವುದಿಲ್ಲ, ದಾಖಲೆ ಇರುವುದೆಲ್ಲ ಕಂಪ್ಯೂಟರಿನಲ್ಲಿ ಎಂದು ಹೇಳಬೇಕಾಗುತ್ತದೆ. ನಮ್ಮ ಹೆಸರು ಏರಿದ ದಿನ ನಾನು 7 ಪೌಂಡ್ ಕಟ್ಟಿ ಆ ಎರಡು ಪುಟಗಳನ್ನು ತೆಗೆದು, ಮುದ್ರಿಸಿ, ಮೈಸೂರಿಗೆ ಅಂಚೆಯಲ್ಲಿ ಕಳುಹಿಸಿದೆ; ಅಪ್ಪ ಅದನ್ನು ನಮ್ಮ ಹಳೆಯ ಮನೆಯ ಕ್ರಯಪತ್ರವಿರುವ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದಾರೆ.